ದೀಪ ಉರಿಯುತ್ತದೆ, ಕಾರು ಏಕೆ ಏಳುವುದಿಲ್ಲ?

ಮುಡುಕುತೊರೆಯ ಜಾತ್ರೆಗೆ ದನ ಹೊಡೆದುಕೊಂಡು ಬರುವವರು ಈಗಲೂ ಇದ್ದಾರೆ. ಆದರೆ ಬೆಟ್ಟದ ಬುಡದ ಬಯಲಿನಲ್ಲಿ ಎತ್ತುಗಳ ಸಾಲಿನ ಪಕ್ಕದಲ್ಲೇ ಕಾರುಗಳ ಸಾಲೂ ನಿಲ್ಲುತ್ತದೆ. ರಾತ್ರಿಯೆಲ್ಲ ಬಾಗಿಲು ತೆರೆದಿಟ್ಟು ಹಾಡು ಕೇಳಿದ್ದಾಗಿರುತ್ತದೆ. ಹೊಳೆಯ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ಬೆಳಿಗ್ಗೆ ಎತ್ತುಗಳು ಮೈ ಕೊಡವಿಕೊಂಡು ಎದ್ದು ನಿಲ್ಲುತ್ತವೆ. ಕಾರು ಮಾತ್ರ ಏಳುವುದಿಲ್ಲ. ಆಗ ಕೇಳಿಬರುವ ಮಾತು ಬಹುತೇಕ ಒಂದೇ: 'ಬ್ಯಾಟ್ರಿ ಚೆನ್ನಾಗೇ ಅದೆ ಸಾ, ಲೈಟ್ ಉರೀತಾ ಅದಲ್ಲ!'

ಈ ಮಾತಿನಲ್ಲಿರುವ ತಪ್ಪನ್ನು ಹತ್ತನೇ ತರಗತಿಯ ಯಾವ ವಿದ್ಯಾರ್ಥಿಯಾದರೂ ಕಂಡುಹಿಡಿಯಬಹುದು. ಓಮನ ನಿಯಮ ಗೊತ್ತಿದ್ದರೆ ಸಾಕು. ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ಪೂರ್ತಿ ಅಂಕ ಗಳಿಸುವ ಮಕ್ಕಳು ಮನೆಯ ಕಾರಿನ ಬಾನೆಟ್ ತೆರೆದಾಗ ದೂರ ನಿಲ್ಲುತ್ತಾರೆ. 'ಕೈ ಹಾಕಬೇಡ, ಹೋಗಿ ಓದಿಕೋ' ಎಂದು ಗದರುವ ಪಾಲಕರೂ ಇದಕ್ಕೆ ಸ್ವಲ್ಪ ಕಾರಣ.

ಲೆಕ್ಕವನ್ನು ನೋಡೋಣ. ಕಾರಿನ ಮುಂದಿನ ಎರಡು ದೀಪಗಳು ತಲಾ 55 ವ್ಯಾಟಿನವು ಎಂದುಕೊಳ್ಳಿ. 12 ವೋಲ್ಟಿನಲ್ಲಿ ಅವೆರಡೂ ಸೇರಿ ಎಳೆಯುವ ವಿದ್ಯುತ್ ಪ್ರವಾಹ ಸುಮಾರು 9 ಆಂಪಿಯರ್. ಸ್ಟಾರ್ಟರ್ ಮೋಟಾರು ಹಾಗಲ್ಲ. ಸಣ್ಣ ಕಾರಿನಲ್ಲೂ ಅದು 100ರಿಂದ 200 ಆಂಪಿಯರ್ ಬೇಡುತ್ತದೆ. ತಿರುಗಲಾರಂಭಿಸುವ ಕ್ಷಣದಲ್ಲಿ ಇನ್ನೂ ಹೆಚ್ಚು. ಈಗ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿಕೊಂಡು ಅಲ್ಲಿ 0.02 ಓಮ್‌ನಷ್ಟು ರೋಧ ಉಂಟಾಗಿದೆ ಎನ್ನಿ. ದೀಪದ 9 ಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು 0.18 ವೋಲ್ಟ್. ದೀಪ ಮಂಕಾದದ್ದು ಕಣ್ಣಿಗೇ ತಿಳಿಯದು. ಮೋಟಾರಿನ 150 ಆಂಪಿಯರ್ ಅದೇ ಜಾಗದಲ್ಲಿ ಹರಿಯಬೇಕಾದಾಗ ನಷ್ಟ 3 ವೋಲ್ಟ್! ಹನ್ನೆರಡರಲ್ಲಿ ಮೂರು ಅಲ್ಲೇ ಹೋದರೆ ಮೋಟಾರಿಗೆ ಉಳಿಯುವುದು ಒಂಬತ್ತು. ಚಳಿಗೆ ಎಂಜಿನ್ ಎಣ್ಣೆ ಗಟ್ಟಿಯಾಗಿರುತ್ತದೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ನಿಧಾನ. ಎಂಜಿನ್ ಏಳುವುದು ಹೇಗೆ?

ಮುಡುಕುತೊರೆಯಿಂದ ಕಾವೇರಿ ಹರಿದು ಮುಂದೆ ಸೇರುವ ಶಿವನಸಮುದ್ರದಲ್ಲಿ ಇದೇ ಪ್ರಶ್ನೆಯನ್ನು ಎಂಜಿನಿಯರುಗಳು ಎದುರಿಸಿದ್ದರು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ವಿದ್ಯುತ್ತನ್ನು ಸಾಗಿಸಬೇಕಿತ್ತು. ಅವರು ವೋಲ್ಟೇಜನ್ನು 30 ಸಾವಿರದ ಆಸುಪಾಸಿಗೆ ಏರಿಸಿದರು. ವೋಲ್ಟೇಜು ಹೆಚ್ಚಿದಷ್ಟೂ ಅಷ್ಟೇ ಶಕ್ತಿಗೆ ಬೇಕಾಗುವ ಪ್ರವಾಹ ಕಡಿಮೆ. ಪ್ರವಾಹ ಕಡಿಮೆಯಾದರೆ ತಂತಿಯಲ್ಲಿ ನಷ್ಟವೂ ಕಡಿಮೆ. ಕಾರಿನ ಕಥೆ ಇದಕ್ಕೆ ಉಲ್ಟಾ. 12 ವೋಲ್ಟು ಮನುಷ್ಯನಿಗೆ ಶಾಕ್ ಹೊಡೆಯದ ಸುರಕ್ಷಿತ ಮಟ್ಟ ನಿಜ, ಆದರೆ ಅದಕ್ಕೆ ತೆರುವ ಬೆಲೆ ಈ ಭಾರೀ ಪ್ರವಾಹ. ಆದ್ದರಿಂದಲೇ ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ಕೇಬಲ್ಲು ಹೆಬ್ಬೆರಳಿನ ಗಾತ್ರಕ್ಕಿರುತ್ತದೆ.

ಹಿಂದೆ ಈ ರಗಳೆಯೇ ಇರಲಿಲ್ಲ, ಬೇರೆ ರಗಳೆಯಿತ್ತು. ಕಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಹಿಡಿಯಬೇಕೆಂದು ಹಳೆಯ ಅಂಬಾಸಿಡರ್ ಡ್ರೈವರುಗಳು ಹೇಳಿಕೊಡುತ್ತಿದ್ದುದು ಇದಕ್ಕೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ಕಷ್ಟ ತಪ್ಪುತ್ತ ಬಂತು.

ಕೀಲಿ ತಿರುಗಿಸಿದಾಗ ಏನಾಗುತ್ತದೆ? ಸಣ್ಣ ತಂತಿಯಲ್ಲಿ ಸಣ್ಣ ಪ್ರವಾಹ ಸೊಲೆನಾಯ್ಡಿಗೆ ಹೋಗುತ್ತದೆ. ಅದು ವಿದ್ಯುತ್ಕಾಂತವಾಗಿ ಒಳಗಿನ ಕಬ್ಬಿಣದ ಸರಳನ್ನು ಎಳೆದುಕೊಳ್ಳುತ್ತದೆ. ಆ ಒಂದೇ ಎಳೆತದಲ್ಲಿ ಎರಡು ಕೆಲಸ: ಮೋಟಾರಿನ ಪುಟ್ಟ ಹಲ್ಲುಚಕ್ರ ಮುಂದೆ ಸರಿದು ಎಂಜಿನ್ನಿನ ಫ್ಲೈವೀಲಿಗೆ ಕಚ್ಚಿಕೊಳ್ಳುತ್ತದೆ; ದಪ್ಪ ತಾಮ್ರದ ಸಂಪರ್ಕಗಳು ಕೂಡಿ ಮೋಟಾರಿಗೆ ಭಾರೀ ಪ್ರವಾಹ ಹರಿಯುತ್ತದೆ. ಇದು ತಿಳಿದಿದ್ದರೆ ಕಿವಿಯಿಂದಲೇ ಅರ್ಧ ರೋಗ ಪತ್ತೆಯಾಗುತ್ತದೆ.

'ಟಕಟಕಟಕ' ಎಂದು ಬಡಿದುಕೊಂಡರೆ ಬ್ಯಾಟರಿ ಸೊರಗಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಸೊಲೆನಾಯ್ಡ್ ಎಳೆಯುತ್ತದೆ, ಮೋಟಾರು ಪ್ರವಾಹ ಬೇಡಿದೊಡನೆ ವೋಲ್ಟೇಜು ಕುಸಿಯುತ್ತದೆ, ಸೊಲೆನಾಯ್ಡ್ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಒಂದು 'ಟಕ್' ಬಂದು ಸುಮ್ಮನಾದರೆ ಅನುಮಾನ ತಾಮ್ರದ ಸಂಪರ್ಕಗಳ ಮೇಲೆ ಅಥವಾ ಮೋಟಾರಿನ ಕಾರ್ಬನ್ ಬ್ರಷ್ ಮೇಲೆ. 'ಗುಂಯ್' ಎಂದು ಮೋಟಾರು ಮಾತ್ರ ಬರಿದೇ ತಿರುಗಿದರೆ ಹಲ್ಲುಚಕ್ರ ಕಚ್ಚಿಕೊಳ್ಳುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ, ಕೀಲಿಯ ಸ್ವಿಚ್ಚು ನೋಡಬೇಕು. ಕೆಲವು ಕಾರುಗಳು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲವೆಂಬುದೂ ನೆನಪಿರಲಿ.

ಇನ್ನೊಂದು ಸುಲಭ ಪರೀಕ್ಷೆಯಿದೆ. ಮುಂದಿನ ದೀಪ ಹಾಕಿಕೊಂಡೇ ಕೀಲಿ ತಿರುಗಿಸಿ. ದೀಪ ತೀರಾ ಮಂಕಾದರೆ ದೋಷ ಬ್ಯಾಟರಿಯಲ್ಲೋ ಅದರ ಟರ್ಮಿನಲ್‌ನಲ್ಲೋ ಇರಬಹುದು. ಅಪರೂಪಕ್ಕೆ ಮೋಟಾರೋ ಎಂಜಿನ್ನೋ ಬಿಗಿದುಕೊಂಡಿರಬಹುದು. ದೀಪ ಕದಲದೆ ಉರಿಯುತ್ತಿದ್ದರೆ ಮೋಟಾರಿಗೆ ಪ್ರವಾಹವೇ ಹೋಗುತ್ತಿಲ್ಲ.

ಕೈಗೆ ಮಲ್ಟಿಮೀಟರ್ ಸಿಕ್ಕರೆ ಪ್ರಯೋಗಶಾಲೆ ಮನೆಯಂಗಳಕ್ಕೇ ಬಂದಂತೆ. ಅದನ್ನು 20 ವೋಲ್ಟ್ ಡಿ.ಸಿ.ಗೆ ಇಡಿ. ಆಂಪಿಯರ್ ಸ್ಥಾನದಲ್ಲಿಟ್ಟು ಬ್ಯಾಟರಿಗೆ ತಾಕಿಸಿದರೆ ಮೀಟರು ಸುಟ್ಟೀತು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜು, 12.2ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಸೆರಗು, ಜಡೆ ದೂರವಿರಲಿ. ಅಪ್ಪನೋ ಅಮ್ಮನೋ ಕೀಲಿ ತಿರುಗಿಸುವಾಗ ಮಗಳು ಮೀಟರು ಓದಲಿ. ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಕುಸಿಯದಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಯ ಸೀಸದ ಗುಬುಟಿನ ಮೇಲೆ, ಇನ್ನೊಂದನ್ನು ಎಂಜಿನ್ನಿನ ಬರೀ ಲೋಹದ ಮೇಲೆ ಒತ್ತಿ ಹಿಡಿದು ಮತ್ತೆ ಕೀಲಿ ತಿರುಗಿಸಬೇಕು. ಅಲ್ಲಿ ಅರ್ಧ ವೋಲ್ಟ್ ಕಾಣಿಸಿದರೂ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ ಎಂದರ್ಥ. ಈ ಪಟ್ಟಿಯನ್ನು ಯಾರೂ ನೋಡುವುದೇ ಇಲ್ಲ. ಒಳ್ಳೆಯ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಹೊಸದು ಕೂರಿಸಿ, ದುಡ್ಡು ತೆತ್ತ ಮೇಲೂ ಕಾರು ಏಳದಿರುವ ಪ್ರಸಂಗಗಳಲ್ಲಿ ಎಷ್ಟೋ ಸಲ ಅಪರಾಧಿ ಇದೇ.

ಟರ್ಮಿನಲ್ ಸ್ವಚ್ಛಗೊಳಿಸುವಾಗ ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಮೊದಲು ಬಿಚ್ಚಬೇಕಾದ್ದು ಋಣ ತುದಿ. ಏಕೆಂದರೆ ಕಾರಿನ ಮೈಯೆಲ್ಲ ಋಣಕ್ಕೆ ಸೇರಿದೆ. ಧನ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಮೈಗೆ ತಗಲಿದರೆ ನೂರಾರು ಆಂಪಿಯರಿನ ಕಿಡಿ ಹಾರುತ್ತದೆ. ಅಡುಗೆ ಸೋಡ ಕದಡಿದ ಬಿಸಿನೀರಿನಿಂದ ಪುಡಿಯನ್ನು ಉಜ್ಜಿ ತೊಳೆದು, ಒರೆಸಿ, ಬಿಗಿ ಮಾಡಿ. ಜೋಡಿಸುವಾಗ ಋಣ ತುದಿ ಕೊನೆಗೆ. ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಸಿಡಿದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು.

ಫ್ಯೂಸು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ. ಸಿಗರೇಟಿನ ಬೆಳ್ಳಿಕಾಗದ ಸುತ್ತಿ ಕಾರು ಓಡಿಸುವ ಜಾಣರಿದ್ದಾರೆ. ಕಾಗದ ಸುಡುವುದಿಲ್ಲ, ವೈರು ಸುಡುತ್ತದೆ. ಹೊಸದೂ ಒಡನೆಯೇ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ನಮ್ಮ ಕಡೆ ಗದ್ದೆ, ಹುಲ್ಲಿನ ಮೆದೆಯ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ವೈರನ್ನೇ ಮೊದಲು ಹುಡುಕುವುದು ಒಳ್ಳೆಯದು.

ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರುಗಳನ್ನು, ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬಾರದು. ಆ ಕೇಬಲ್ಲುಗಳಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಇಷ್ಟೆಲ್ಲ ನೋಡಿದ ಮೇಲೂ ಕಾರು ಏಳದಿದ್ದರೆ ಆಟೋ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಆದರೆ 'ಸ್ಟಾರ್ಟ್ ಆಗ್ತಿಲ್ಲ' ಎಂದಷ್ಟೇ ಹೇಳಬೇಡಿ. 'ಬ್ಯಾಟರಿ 12.5 ಇದೆ, ಕೀಲಿ ತಿರುಗಿಸಿದಾಗ ಇಳಿಯುತ್ತಲೇ ಇಲ್ಲ, ಅರ್ಥ್ ಬಿಗಿಯಾಗಿದೆ, ಒಂದೇ ಟಕ್ ಸದ್ದು ಬರುತ್ತದೆ' ಎನ್ನಿ. ಅವರು ಕಾರ್ಬನ್ ಬ್ರಷ್ಷನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಾರೆ.