ಮನೆಗೊಂದು ಕಿರಿಯ ವಿದ್ಯುಜ್ಜನಕ

ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಕತ್ತಲೆಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಆಷಾಢದ ಗಾಳಿಗೆ ಒಂದು ಮರವು ತಂತಿಯ ಮೇಲೆ ಒರಗಿದರೆ ಸಾಕು, ಹತ್ತು ಹಳ್ಳಿಗಳ ದೀಪಗಳು ಒಮ್ಮೆಗೇ ಆರಿಹೋಗುತ್ತವೆ. ೨೦೧೮ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯೂ ಭೂಕುಸಿತಗಳೂ ಒದಗಿದಾಗ ಅನೇಕ ಊರುಗಳು ದಿನಗಟ್ಟಲೆ ವಿದ್ಯುತ್ತಿಲ್ಲದೆ ಇರಬೇಕಾಯಿತು. ೧೯೦೨ರಷ್ಟು ಹಿಂದೆಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ವಿದ್ಯುತ್ತನ್ನು ಸಾಗಿಸಿದ ನಾಡು ನಮ್ಮದು. ಆದರೆ ತಂತಿಯು ಎಷ್ಟು ದೂರ ಹೋಗುತ್ತದೆಯೋ ಅಷ್ಟು ದೂರವೂ ಅದು ಗಾಳಿಮಳೆಗೆ ಮೈಯೊಡ್ಡಿಯೇ ನಿಂತಿರುತ್ತದೆ.

ಕಳೆದ ವರ್ಷ ಮುಂಗಾರಿಗೆ ಮುಂಚೆ ನನ್ನ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಬಂದು ನಿಂತನು. "ಸರ್, ನಮ್ಮ ತಂದೆಯವರು ಮನೆಗೆ ಒಂದು ಜನರೇಟರ್ ತರಬೇಕೆಂದಿದ್ದಾರೆ. ಅಜ್ಜಿಯ ಇನ್ಸುಲಿನ್ ಔಷಧಿಯನ್ನು ಫ್ರಿಜ್ಜಿನಲ್ಲಿ ಇಡಬೇಕು. ಒಂದು ಕೆವಿಎ ಯಂತ್ರ ಸಾಕು, ನೀರಿನ ಪಂಪನ್ನೂ ಅದರಲ್ಲೇ ನಡೆಸಬಹುದು ಎಂದು ಅಂಗಡಿಯವರು ಹೇಳಿದರಂತೆ. ನಿಜವೇ?" ಎಂದು ಕೇಳಿದನು. ಯಂತ್ರವನ್ನು ಎಲ್ಲಿ ಇಡುತ್ತೀರಿ ಎಂದು ನಾನು ಕೇಳಿದೆ. "ಮಳೆ ಬೀಳದ ಹಾಗೆ ಕೊಟ್ಟಿಗೆಯಲ್ಲಿ, ಸರ್. ಅದು ಮನೆಗೆ ಅಂಟಿಕೊಂಡೇ ಇದೆ. ಅಲ್ಲಿಂದ ಒಂದು ವಯರನ್ನು ತಂದು ಗೋಡೆಯ ಪ್ಲಗ್ಗಿಗೆ ಕೊಟ್ಟರೆ ಮನೆಯೆಲ್ಲ ಬೆಳಗುತ್ತದಂತೆ" ಎಂದನು. ಈ ನಾಲ್ಕು ಮಾತುಗಳಲ್ಲಿ ಮೂರು ತಪ್ಪುಗಳಿದ್ದುವು. ಮೊದಲನೆಯದರಿಂದ ಹಣ ಹೋಗುತ್ತಿತ್ತು. ಉಳಿದ ಎರಡರಿಂದ ಪ್ರಾಣವೇ ಹೋಗಬಹುದಾಗಿತ್ತು. ಆ ದಿನ ಅವನೊಡನೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಯಂತ್ರದ ಒಳಗೆ ನಡೆಯುವುದೇನು?

ಕಾಂತಕ್ಷೇತ್ರವೂ ತಂತಿಸುರುಳಿಯೂ ಒಂದಕ್ಕೊಂದು ಸಾಪೇಕ್ಷವಾಗಿ ಚಲಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆಯು ೧೮೩೧ರಲ್ಲಿ ತೋರಿಸಿಕೊಟ್ಟನು. ಅಂಗಡಿಯಲ್ಲಿ ದೊರೆಯುವ ಕಿರಿಯ ವಿದ್ಯುಜ್ಜನಕವು ಇದೇ ತತ್ತ್ವದ ಒಂದು ರೂಪ. ಪೆಟ್ರೋಲಿನ ಎಂಜಿನ್ ಒಂದು ಕಾಂತವನ್ನು ತಿರುಗಿಸುತ್ತದೆ; ಅದರ ಸುತ್ತಲಿನ ಸುರುಳಿಗಳಲ್ಲಿ ಪರ್ಯಾಯ ಪ್ರವಾಹವು ಹುಟ್ಟುತ್ತದೆ. ಎರಡು ಧ್ರುವಗಳುಳ್ಳ ಕಾಂತವು ಒಂದು ಸುತ್ತು ಬಂದರೆ ಪ್ರವಾಹದ ಒಂದು ಆವರ್ತನವು ಪೂರ್ಣವಾಗುವುದು. ನಮ್ಮ ಮನೆಗಳ ವಿದ್ಯುತ್ತು ೨೩೦ ವೋಲ್ಟುಗಳದು, ಸೆಕೆಂಡಿಗೆ ೫೦ ಆವರ್ತನಗಳದು. ಆದುದರಿಂದ ಅಂತಹ ಎಂಜಿನ್ ಸೆಕೆಂಡಿಗೆ ೫೦ ಸುತ್ತು, ಎಂದರೆ ನಿಮಿಷಕ್ಕೆ ೩೦೦೦ ಸುತ್ತು ತಿರುಗಲೇಬೇಕು. ಮನೆಯಲ್ಲಿ ಒಂದೇ ದೀಪ ಉರಿಯುತ್ತಿದ್ದರೂ ಅದೇ ವೇಗ, ಅದೇ ಸದ್ದು. ಹೊರೆ ಕಡಿಮೆಯಾದಂತೆ ಪೆಟ್ರೋಲಿನ ಖರ್ಚು ಅಷ್ಟೇ ಪ್ರಮಾಣದಲ್ಲಿ ತಗ್ಗುವುದಿಲ್ಲ.

ಇನ್ನೊಂದು ಬಗೆಯ ಯಂತ್ರಕ್ಕೆ ಇನ್ವರ್ಟರ್ ಜನರೇಟರ್ ಎಂದು ಹೆಸರು. ಇದರಲ್ಲಿ ಹುಟ್ಟಿದ ಪರ್ಯಾಯ ಪ್ರವಾಹವನ್ನು ಮೊದಲು ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸಿ, ಆಮೇಲೆ ಇಲೆಕ್ಟ್ರಾನಿಕ್ ಸಾಧನಗಳ ಮೂಲಕ ಪುನಃ ೫೦ ಆವರ್ತನಗಳ ಪರ್ಯಾಯ ಪ್ರವಾಹವನ್ನಾಗಿ ಕಟ್ಟಿಕೊಡುತ್ತಾರೆ. ಎಂಜಿನ್ನಿನ ವೇಗಕ್ಕೂ ಪ್ರವಾಹದ ಆವರ್ತನಕ್ಕೂ ಇದ್ದ ಗಂಟು ಹೀಗೆ ಬಿಚ್ಚಿಹೋಗುತ್ತದೆ. ಹೊರೆ ಕಡಿಮೆಯಿದ್ದಾಗ ಎಂಜಿನ್ ನಿಧಾನವಾಗಿ ತಿರುಗಬಹುದು. ಸದ್ದೂ ತಗ್ಗುತ್ತದೆ, ಇಂಧನವೂ ಉಳಿಯುತ್ತದೆ. ಬೆಲೆ ಮಾತ್ರ ಹೆಚ್ಚು.

ಎಷ್ಟು ದೊಡ್ಡ ಯಂತ್ರ ಬೇಕು?

ಯಂತ್ರದ ಮೇಲೆ ಬರೆದಿರುವ ಅಂಕಿಯನ್ನು ಓದುವಾಗ ಮೊದಲು ಎಚ್ಚರವಿರಬೇಕು. ಕೆವಿಎ ಎಂದರೆ ಸಾವಿರ ವೋಲ್ಟ್-ಆಂಪಿಯರು. ಅದು ಕಿಲೋವ್ಯಾಟ್ ಅಲ್ಲ. ಮೋಟಾರಿನಂತಹ ಉಪಕರಣಗಳಲ್ಲಿ ವೋಲ್ಟೇಜೂ ಪ್ರವಾಹವೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದಿಲ್ಲ. ಆದುದರಿಂದ ಅವುಗಳ ಗುಣಲಬ್ಧವೆಲ್ಲವೂ ಕೆಲಸಕ್ಕೆ ಒದಗುವುದಿಲ್ಲ. ಸಾಮಾನ್ಯವಾಗಿ ೦.೮ ಎಂಬ ಅಂಶದಿಂದ ಗುಣಿಸುತ್ತಾರೆ. ಹಾಗೆ ನೋಡಿದರೆ ಒಂದು ಕೆವಿಎ ಯಂತ್ರವು ಕೊಡುವುದು ೮೦೦ ವ್ಯಾಟ್. ಇನ್ನು, 'ಗರಿಷ್ಠ' ಎಂದು ದಪ್ಪಕ್ಷರದಲ್ಲಿ ಬರೆದ ಸಾಮರ್ಥ್ಯವು ಕೆಲವು ಕ್ಷಣಗಳಿಗೆ ಮಾತ್ರ ದೊರೆಯುವಂಥದು. ಸತತವಾಗಿ ದೊರೆಯುವ ಸಾಮರ್ಥ್ಯವನ್ನೇ ನಾವು ಕೇಳಿ ತಿಳಿಯಬೇಕು.

ವಿದ್ಯಾರ್ಥಿಯ ಮನೆಯ ಅಗತ್ಯಗಳು ಹೀಗಿದ್ದುವು: ೯ ವ್ಯಾಟಿನ ಆರು ಎಲ್‌ಇಡಿ ದೀಪಗಳಿಗೆ ೫೪ ವ್ಯಾಟ್, ಎರಡು ಫ್ಯಾನುಗಳಿಗೆ ೧೫೦, ಫ್ರಿಜ್ಜಿಗೆ ೧೫೦, ದೂರದರ್ಶನಕ್ಕೆ ೮೦, ಮೊಬೈಲು ಮೊದಲಾದವಕ್ಕೆ ೨೬. ಒಟ್ಟು ೪೬೦ ವ್ಯಾಟ್. "ಹಾಗಾದರೆ ೮೦೦ ವ್ಯಾಟಿನ ಯಂತ್ರವೇ ಧಾರಾಳವಾಯಿತಲ್ಲ, ಸರ್!" ಎಂದು ಅವನು ಸಂತೋಷಪಟ್ಟನು.

ಅಷ್ಟು ಬೇಗ ಸಂತೋಷಪಡುವಂತಿಲ್ಲ. ನಿಂತಿರುವ ಬಂಡಿಯನ್ನು ಹೊರಡಿಸುವುದಕ್ಕೆ ಎತ್ತುಗಳು ಎಷ್ಟು ಎಳೆಯಬೇಕೋ ಅಷ್ಟನ್ನು ಹೊರಟ ಬಂಡಿಗೆ ಎಳೆಯಬೇಕಾದುದಿಲ್ಲ. ಮೋಟಾರಿನಲ್ಲಿಯೂ ಇದನ್ನು ಹೋಲುವ ಸ್ಥಿತಿಯಿದೆ, ಕಾರಣ ಮಾತ್ರ ಬೇರೆ. ತಿರುಗುತ್ತಿರುವ ಮೋಟಾರಿನ ಸುರುಳಿಗಳಲ್ಲಿ ಮೂಲ ವೋಲ್ಟೇಜಿಗೆ ಎದುರಾಗಿ ನಿಲ್ಲುವ ಒಂದು ವೋಲ್ಟೇಜು ಹುಟ್ಟಿ, ಪ್ರವಾಹವನ್ನು ಹಿಡಿತದಲ್ಲಿಡುತ್ತದೆ. ನಿಂತ ಮೋಟಾರಿನಲ್ಲಿ ಈ ತಡೆಯು ಅತ್ಯಲ್ಪ. ಆದುದರಿಂದ ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಸಾಮಾನ್ಯ ಪ್ರವಾಹದ ಮೂರರಿಂದ ಆರು ಪಟ್ಟು ಪ್ರವಾಹವು ನುಗ್ಗುತ್ತದೆ. ಫ್ರಿಜ್ಜಿನ ಮೋಟಾರಿಗೆ ಆರು ಪಟ್ಟೆಂದೇ ಹಿಡಿದರೆ ಆ ಕ್ಷಣದ ಬೇಡಿಕೆ ೯೦೦ ವ್ಯಾಟ್. ಉಳಿದ ಉಪಕರಣಗಳ ೩೧೦ನ್ನು ಕೂಡಿಸಿದರೆ ೧೨೧೦. ಎಂಟುನೂರು ವ್ಯಾಟಿನ ಯಂತ್ರವು ಇಲ್ಲಿ ಮುಗ್ಗರಿಸುವುದು. ವೋಲ್ಟೇಜು ಕುಸಿದು, ತಿರುಗಲಾರದ ಮೋಟಾರು ಸುಮ್ಮನೆ ಕಾಯ್ದು ಸುಟ್ಟುಹೋಗುವ ಭಯವೂ ಇದೆ.

ಇದಲ್ಲದೆ, ಎತ್ತರಕ್ಕೆ ಹೋದಂತೆ ಗಾಳಿಯು ತೆಳುವಾಗುತ್ತದೆ. ಎಂಜಿನ್ನಿನ ಉರುಳೆಗೆ ಒಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಪ್ರತಿ ೩೦೦ ಮೀಟರ್ ಎತ್ತರಕ್ಕೆ ಶೇಕಡಾ ಮೂರು, ಮೂರೂವರೆಯಷ್ಟು ಸಾಮರ್ಥ್ಯವು ನಷ್ಟವಾಗುವುದು. ವಿದ್ಯಾರ್ಥಿಯ ಊರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಮೇಲಿದೆ. ಬೆಂಗಳೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಎರಡೆಡೆಯೂ ನಷ್ಟವು ಶೇಕಡಾ ಹತ್ತರಷ್ಟು. ೧೨೧೦ನ್ನು ೦.೯ರಿಂದ ಭಾಗಿಸಿದರೆ ಸುಮಾರು ೧೩೪೫; ಅದಕ್ಕೆ ಐದರಲ್ಲೊಂದು ಪಾಲನ್ನು ಮೀಸಲಾಗಿ ಸೇರಿಸಿದರೆ ೧೬೦೦ ವ್ಯಾಟ್. ಎಂದರೆ ಎರಡು ಕೆವಿಎ ಯಂತ್ರ.

ಪಂಪಿನ ಗತಿಯೇನು? ಒಂದು ಅಶ್ವಸಾಮರ್ಥ್ಯದ ಪಂಪು ಹೊರಗೆ ಕೊಡುವುದು ೭೪೬ ವ್ಯಾಟ್ ಆದರೂ ಒಳಗೆ ಎಳೆದುಕೊಳ್ಳುವುದು ೧೧೦೦ಕ್ಕೂ ಹೆಚ್ಚು. ಹೊರಡುವಾಗ ಅದರ ಮೂರು ಪಟ್ಟೆಂದರೂ ೩೩೦೦ ವ್ಯಾಟ್ ಆಯಿತು. ಈ ಒಂದು ಕ್ಷಣಕ್ಕಾಗಿ ಇಮ್ಮಡಿ ದೊಡ್ಡ ಯಂತ್ರವನ್ನು ಕೊಳ್ಳಬೇಕೇ? ಇಲ್ಲಿ ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ಭೇದವನ್ನು ನೆನೆಯಬೇಕು. ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿಯು ೧೦೦೦ × ೯.೮ × ೧೦, ಎಂದರೆ ೯೮,೦೦೦ ಜೌಲ್. ಒಂದು ಯೂನಿಟ್ಟಿನ ಮೂವತ್ತಾರನೆಯ ಒಂದು ಪಾಲಿನಷ್ಟು ಮಾತ್ರ! ಪಂಪು ಕೇಳುವುದು ಹೆಚ್ಚು ಶಕ್ತಿಯನ್ನಲ್ಲ, ಅಲ್ಪಕಾಲದಲ್ಲಿ ಹೆಚ್ಚು ಸಾಮರ್ಥ್ಯವನ್ನು. ವಿದ್ಯುತ್ತು ಇರುವಾಗಲೇ ಮೇಲಿನ ತೊಟ್ಟಿಯನ್ನು ತುಂಬಿಸಿಟ್ಟರೆ ಈ ಬೇಡಿಕೆಯೇ ಇಲ್ಲವಾಗುತ್ತದೆ. ಯಂತ್ರವನ್ನು ದೊಡ್ಡದು ಮಾಡುವುದಕ್ಕಿಂತ ಹೊರೆಯನ್ನು ಚಿಕ್ಕದು ಮಾಡುವುದು ಎಂದಿಗೂ ಅಗ್ಗ. ನೀರು ಕಾಯಿಸುವ ಗೀಸರು, ಇಸ್ತ್ರಿಪೆಟ್ಟಿಗೆಗಳನ್ನೂ ಹೀಗೆಯೇ ಪಟ್ಟಿಯಿಂದ ತೆಗೆದುಬಿಡಬೇಕು.

ಬ್ಯಾಟರಿಯೋ, ಪೆಟ್ರೋಲೋ?

ವಿದ್ಯುತ್ತು ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಹೋಗುವ ಊರಿನಲ್ಲಿ ವಿದ್ಯುಜ್ಜನಕವೇ ಬೇಕಾಗಿಲ್ಲ. ೧೨ ವೋಲ್ಟಿನ, ೧೫೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ೧೮೦೦ ವ್ಯಾಟ್-ಗಂಟೆ, ಎಂದರೆ ೧.೮ ಯೂನಿಟ್ ಶಕ್ತಿಯು ಅಡಗಿರುತ್ತದೆ. ಅದರಲ್ಲಿ ಒಂದು ಭಾಗ ನಷ್ಟವಾದರೂ ದೀಪಕ್ಕೂ ಫ್ಯಾನಿಗೂ ಧಾರಾಳವಾಯಿತು. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಮೂರು ದಿನ ವಿದ್ಯುತ್ತಿಲ್ಲದಿದ್ದರೆ ಬರಿದಾದ ಬ್ಯಾಟರಿಯನ್ನು ತುಂಬುವವರಾರು? ಅಂತಹ ಊರಿಗೆ ಪೆಟ್ರೋಲಿನ ಯಂತ್ರವೇ ಗತಿ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಉಷ್ಣಶಕ್ತಿ ಇದೆ. ಕಿರಿಯ ಎಂಜಿನ್ನುಗಳು ಅದರಲ್ಲಿ ಆರನೆಯ ಒಂದು ಪಾಲನ್ನು, ಎಂದರೆ ಒಂದೂವರೆ ಯೂನಿಟ್ಟನ್ನು, ವಿದ್ಯುತ್ತಾಗಿ ಕೊಟ್ಟರೆ ಅದೇ ಹೆಚ್ಚು. ಹೊರೆ ತೀರ ಕಡಿಮೆಯಿದ್ದಾಗ ಅಷ್ಟೂ ಇಲ್ಲ. ಸರಾಸರಿ ೩೦೦ ವ್ಯಾಟಿನಂತೆ ದಿನಕ್ಕೆ ಆರು ಗಂಟೆ ನಡೆಸಿದರೆ ೧.೮ ಯೂನಿಟ್, ಒಂದೂವರೆಯಿಂದ ಎರಡು ಲೀಟರ್ ಪೆಟ್ರೋಲು ಬೇಕಾಗಬಹುದು. ಯಂತ್ರವನ್ನು ದಿನವೆಲ್ಲ ನಡೆಸಬೇಕಾಗಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆಯ ಕಾಲ ತಂಪನ್ನು ಉಳಿಸಿಕೊಳ್ಳಬಲ್ಲದು. ಆದುದರಿಂದ ನಡುನಡುವೆ ಬಿಟ್ಟು ನಡೆಸಿ, ಒಳಗೊಂದು ಉಷ್ಣಮಾಪಕವನ್ನಿಟ್ಟು, ಔಷಧಿಗೆ ಬೇಕಾದ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳಬಹುದು.

ಕಾಣದ ವಿಷ

ಇನ್ನು ಕೊಟ್ಟಿಗೆಯ ಮಾತು. ಪೆಟ್ರೋಲು ಪೂರ್ಣವಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಕಿರಿಯ ಎಂಜಿನ್ನುಗಳಲ್ಲಿ ಇದರ ಪ್ರಮಾಣ ಹೆಚ್ಚು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಆಸಕ್ತಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದುದನ್ನು ಸುಲಭವಾಗಿ ಬಿಡುವುದಿಲ್ಲ. ಮೊದಲು ತಲೆನೋವು, ಬಳಿಕ ತಲೆಸುತ್ತು, ವಾಕರಿಕೆ, ಮಂಪರು. ಮಲಗಿದವರಿಗೆ ಈ ಸೂಚನೆಗಳೂ ತಿಳಿಯುವುದಿಲ್ಲ.

ಕಿಟಕಿ ತೆರೆದಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಈ ಅನಿಲದ ಅಣುತೂಕ ೨೮. ಗಾಳಿಯ ಸರಾಸರಿ ಅಣುತೂಕ ಸುಮಾರು ೨೯. ಆದುದರಿಂದ ಇದು ಮೇಲೇರಿ ಹೋಗುವುದೂ ಇಲ್ಲ, ಕೆಳಗೆ ತಂಗುವುದೂ ಇಲ್ಲ. ಗಾಳಿಯೊಡನೆ ಬೆರೆತು ಬಾಗಿಲ ಸಂದಿಗಳಿಂದಲೂ ಒಳನುಗ್ಗುತ್ತದೆ. ಯಂತ್ರವು ಕೊಟ್ಟಿಗೆ, ಜಗಲಿ, ಮುಚ್ಚಿದ ಶೆಡ್ಡು ಇವೊಂದರಲ್ಲಿಯೂ ಇರಕೂಡದು. ಬಾಗಿಲು ಕಿಟಕಿಗಳಿಂದ ಕಡೆಯ ಪಕ್ಷ ಆರು ಮೀಟರ್ ದೂರದಲ್ಲಿ, ಹೊಗೆಕೊಳವೆಯು ಮನೆಯಿಂದ ಆಚೆಗೆ ಮುಖಮಾಡಿರುವಂತೆ ಅದನ್ನು ಇಡಬೇಕು. ಮಳೆಯಲ್ಲಿ ನೆನೆಯುವುದೂ ಅಪಾಯವಾದುದರಿಂದ ನಾಲ್ಕು ಕಂಬಗಳ ಮೇಲೆ ಒಂದು ಮಾಡು ಇರಲಿ, ಗೋಡೆ ಮಾತ್ರ ಬೇಡ. ಕಾದಿರುವ ಎಂಜಿನ್ನಿಗೆ ಪೆಟ್ರೋಲನ್ನು ಎಂದಿಗೂ ಸುರಿಯಬಾರದು. ನಿಲ್ಲಿಸಿ ತಣಿದ ಮೇಲೆಯೇ ತುಂಬಬೇಕು.

ಹಿಂದಕ್ಕೆ ಹರಿಯುವ ವಿದ್ಯುತ್ತು

ಮೂರನೆಯ ತಪ್ಪು ಗೋಡೆಯ ಪ್ಲಗ್ಗಿನದು. ಎರಡು ತುದಿಗಳಲ್ಲಿಯೂ ಪಿನ್ನುಗಳಿರುವ ವಯರಿನಿಂದ ಮನೆಯ ತಂತಿಜಾಲಕ್ಕೆ ವಿದ್ಯುತ್ತನ್ನು ತುಂಬಿದರೆ ಅದು ಮನೆಯಲ್ಲಿಯೇ ನಿಲ್ಲುವುದಿಲ್ಲ. ಮೀಟರನ್ನು ದಾಟಿ ಬೀದಿಯ ಕಂಬಕ್ಕೆ, ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದುಗಳ ಭೇದವಿಲ್ಲ. ೧೧,೦೦೦ ವೋಲ್ಟುಗಳನ್ನು ಒಂದೊಂದು ಫೇಸಿನಲ್ಲಿ ೨೫೦ ವೋಲ್ಟಿಗೆ ಇಳಿಸುವ ಅದೇ ಸುರುಳಿಗಳು, ಹಿಂದಿನಿಂದ ಬಂದ ೨೩೦ ವೋಲ್ಟನ್ನು ೪೪ ಪಟ್ಟು ಏರಿಸಿ ಹತ್ತು ಸಾವಿರ ವೋಲ್ಟಿನಷ್ಟು ಮಾಡಬಲ್ಲವು. ನೆರೆಮನೆಗಳ ಹೊರೆ ಬಿದ್ದು ಯಂತ್ರವು ತಾನಾಗಿ ನಿಂತುಹೋಗಬಹುದು. ಆದರೆ ತಂತಿಯು ಎಲ್ಲಿ ತುಂಡಾಗಿದೆ, ಎಷ್ಟು ಮನೆಗಳು ಉಳಿದಿವೆ ಎಂಬುದರ ಮೇಲೆ ಒಬ್ಬನ ಪ್ರಾಣವನ್ನು ಪಣವಾಗಿ ಒಡ್ಡಲಾಗದು. ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿ, ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಆತ. ನಮ್ಮ ಮನೆಗೆ ಬೆಳಕು ತರಲು ಬಂದವನನ್ನು ನಮ್ಮ ಬೆಳಕೇ ಕೊಲ್ಲಬಾರದಷ್ಟೆ.

ಇದಕ್ಕೆ ಪರಿಹಾರವು ಚೇಂಜ್‌ಓವರ್ ಸ್ವಿಚ್ಚು. ಅದರ ಹಿಡಿಯು ಒಂದು ಕಡೆಗೆ ಇದ್ದಾಗ ಮನೆಯು ಬೀದಿಯ ತಂತಿಗೆ ಸೇರಿರುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಯಂತ್ರಕ್ಕೆ ಸೇರುತ್ತದೆ. ಎರಡೂ ಒಟ್ಟಿಗೆ ಸೇರುವ ಸ್ಥಿತಿಯೇ ಅದರಲ್ಲಿಲ್ಲ. ಇದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನಿಂದಲೇ ಹಾಕಿಸಬೇಕು. ಭೂಸಂಪರ್ಕವನ್ನೂ ಅವನಿಂದಲೇ ನೋಡಿಸಬೇಕು. ಅದು ಸಾಧ್ಯವಾಗುವವರೆಗೆ ಫ್ರಿಜ್ಜನ್ನು ಯಂತ್ರಕ್ಕೇ ನೇರವಾಗಿ, ದಪ್ಪನಾದ ಒಳ್ಳೆಯ ವಯರಿನಿಂದ ಜೋಡಿಸಿದರಾಯಿತು.

ವಿದ್ಯಾರ್ಥಿಯ ತಂದೆ ಲೆಕ್ಕದ ಹಾಳೆಯನ್ನು ಅಂಗಡಿಗೇ ಕೊಂಡುಹೋದರಂತೆ. ಎರಡು ಕೆವಿಎಯ ಇನ್ವರ್ಟರ್ ಯಂತ್ರವನ್ನು ತಂದು, ಹಿತ್ತಿಲಿನಾಚೆ ಒಂದು ಮಾಡನ್ನು ಕಟ್ಟಿಸಿದರು. ಜುಲೈ ತಿಂಗಳಿನಲ್ಲಿ ಎರಡು ದಿನ ವಿದ್ಯುತ್ತು ಹೋಯಿತು. ಎರಡನೆಯ ಸಂಜೆ ಯಂತ್ರವು ನಡೆಯುತ್ತಿದ್ದಾಗಲೇ ಲೈನ್‌ಮನ್ ಬಂದು ಮನೆಯ ಮುಂದಿನ ಕಂಬವನ್ನು ಹತ್ತಿದನು. "ಆತ ಇಳಿಯುವವರೆಗೂ ನಾನು ಸ್ವಿಚ್ಚಿನ ಬಳಿಯೇ ನಿಂತು ಹಿಡಿಯನ್ನು ನೋಡುತ್ತಿದ್ದೆ, ಸರ್" ಎಂದು ಹುಡುಗನು ಹೇಳಿದನು. ಕೆಲಸ ಮುಗಿಸಿದ ಲೈನ್‌ಮನ್ ಅವರ ಮನೆಯಲ್ಲಿ ಕಾಫಿ ಕುಡಿದು ಮುಂದಿನ ಕಂಬಕ್ಕೆ ಹೋದನಂತೆ.