ಯುದ್ಧಕಾವ್ಯಕ್ಕೆ ಕಹಳೆಯ ಸ್ವರ

ತುಟಿಗಳ ಕಂಪನವನ್ನೇ ನಾದವಾಗಿಸುವ ಟ್ರಂಪೆಟ್, ಹಾರ್ನ್, ಟ್ರಾಂಬೋನ್ ಮತ್ತು ಟ್ಯೂಬಾಗಳಿಗೆ ಪಾಶ್ಚಾತ್ಯ ಸಂಗೀತದಲ್ಲಿ ಹಿತ್ತಾಳೆ ವಾದ್ಯಗಳೆಂದು ಹೆಸರು. ಸೈನಿಕರಿಗೆ ಸಂಜ್ಞೆ ನೀಡುತ್ತಿದ್ದ ಕಹಳೆಯೂ ಇದೇ ಕುಲದ್ದಾದ್ದರಿಂದ, ಯುದ್ಧಕಾವ್ಯಕ್ಕೆ ಸ್ವರ ಹಾಕುವ ಸಂಯೋಜಕರಿಗೆ ಇವುಗಳ ಧ್ವನಿಯಲ್ಲೇ ರಣರಂಗದ ನೆನಪು ದೊರೆಯುತ್ತದೆ. ಆ ನೆನಪನ್ನು ವೀರಘೋಷಕ್ಕೆ ಬಳಸದೆ ಶೋಕಕ್ಕೆ ತಿರುಗಿಸಿದ ಮೇರುಕೃತಿ, ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಅವರ ‘ವಾರ್ ರಿಕ್ವಿಯಮ್’.

1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬ್ ದಾಳಿಗೆ ತುತ್ತಾದ ಕವೆಂಟ್ರಿಯ ಪ್ರಧಾನ ಚರ್ಚಿನ ಪಕ್ಕದಲ್ಲೇ ಎದ್ದುನಿಂತ ಹೊಸ ಚರ್ಚಿನ ಪ್ರತಿಷ್ಠಾಪನೆಗಾಗಿ ರಚಿತವಾದ ಈ ಕೃತಿ, 1962ರ ಮೇ 30ರಂದು ಮೊದಲ ಬಾರಿಗೆ ಪ್ರಸ್ತುತಗೊಂಡಿತು. ಮೃತರ ಸದ್ಗತಿಗಾಗಿ ಸಲ್ಲಿಸುವ ಲ್ಯಾಟಿನ್ ಪ್ರಾರ್ಥನೆಯೇ ರಿಕ್ವಿಯಮ್. ಅದರ ನಡುನಡುವೆ, ಮೊದಲ ಮಹಾಯುದ್ಧ ಮುಗಿಯಲು ಒಂದೇ ವಾರವಿದ್ದಾಗ ರಣರಂಗದಲ್ಲಿ ಮಡಿದ ಕವಿ ವಿಲ್ಫ್ರೆಡ್ ಓವನ್ ಅವರ ಒಂಬತ್ತು ಕವನಗಳನ್ನು ಬ್ರಿಟನ್ ಪೋಣಿಸಿದರು. ಪ್ರಾರ್ಥನೆಯ ಭಾಗವನ್ನು ಸೋಪ್ರಾನೊ ಗಾಯಕಿ, ವೃಂದಗಾನ ಹಾಗೂ ಪೂರ್ಣ ವಾದ್ಯಮೇಳಕ್ಕೆ ಒಪ್ಪಿಸಿ, ಕವನಗಳನ್ನು ತಾರಸ್ಥಾಯಿಯ ಟೆನರ್ ಮತ್ತು ಮಧ್ಯಮಸ್ಥಾಯಿಯ ಬ್ಯಾರಿಟೋನ್ ಎಂಬ ಇಬ್ಬರು ಗಾಯಕರಿಗೂ 12 ವಾದಕರ ಪುಟ್ಟ ಮೇಳಕ್ಕೂ ಮೀಸಲಿಟ್ಟರು.

ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ ಭಾಗದಲ್ಲಿ 6 ಹಾರ್ನ್, 4 ಟ್ರಂಪೆಟ್, 3 ಟ್ರಾಂಬೋನ್ ಮತ್ತು ಟ್ಯೂಬಾ ಸೇರಿದ ದೊಡ್ಡ ಮೇಳದಿಂದ ಕಹಳೆಯ ಮೊಳಗು ಏಳುತ್ತದೆ. ಅದರ ಬೆನ್ನಿಗೇ, ಕಹಳೆಗಳ ನಾದವನ್ನೂ ಮಲಗಿದ ಸೈನಿಕರನ್ನೂ ಚಿತ್ರಿಸುವ ಕವನವನ್ನು ಬ್ಯಾರಿಟೋನ್ ಎತ್ತಿಕೊಂಡಾಗ, ಅದೇ ಸ್ವರಗುಚ್ಛ ಪುಟ್ಟ ಮೇಳದ ಒಂಟಿ ಹಾರ್ನ್‌ನಲ್ಲಿ ಮೆಲುವಾಗಿ ಮರುಕಳಿಸುತ್ತದೆ. ಯುದ್ಧದ ಅಬ್ಬರ ಕೊನೆಗೆ ಒಬ್ಬೊಬ್ಬ ಯುವಕನ ಸಾವಿನಲ್ಲೇ ಪರ್ಯವಸಾನವಾಗುತ್ತದೆ ಎಂಬ ಸತ್ಯವನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಕೇಳುಗರಿಗೆ ಮನಗಾಣಿಸುವುದೇ ಈ ಕೃತಿಯ ನಿಜವಾದ ಸಾಧನೆ.