ಗಾಂಜಾ ವ್ಯಸನಕ್ಕೆ ಮಾತ್ರೆಯುಂಟೆ?

ಕಾಲೇಜಿಗೆ ಹೋಗುವ ಮಗ ಗಾಂಜಾ ಸೇದುತ್ತಿರುವನೆಂದು ತಿಳಿದಾಗ, ತಾಯಿತಂದೆಗಳು ವೈದ್ಯರನ್ನು ಮೊದಲು ಕೇಳುವುದು ಬಹುಶಃ ಇದನ್ನೇ: ಬಿಡಿಸಲು ಮಾತ್ರೆ ಏನಾದರೂ ಇದೆಯೆ? ಹೈದರಾಬಾದಿನಂತಹ ಮಹಾನಗರದಲ್ಲಿ, ಬಂಧುಬಳಗದಿಂದ ದೂರವಿರುವ ಕನ್ನಡ ಕುಟುಂಬಗಳಿಗೂ ಈ ಆತಂಕ ಹೊರತಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದಲ್ಲಿ ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ, ಚರಸ್ ಸೇವಿಸಿದವರು ಸುಮಾರು 3.1 ಕೋಟಿ, ಅವರಲ್ಲಿ ಅದಕ್ಕೆ ದಾಸರಾದವರು ಸುಮಾರು 25 ಲಕ್ಷ.

ಗಾಂಜಾ ಕೇವಲ ಸೊಪ್ಪು, ಅದರಿಂದ ಚಟ ಹತ್ತದು ಎಂಬ ಮಾತು ತರುಣರಲ್ಲಿ ಪ್ರಚಲಿತವಾಗಿದೆ. ಅದು ಸರಿಯಲ್ಲ. ದಿನವೂ ಸೇದುತ್ತಿದ್ದವನು ನಿಲ್ಲಿಸಿದರೆ ಒಂದೆರಡು ದಿನಗಳಲ್ಲೇ ಸಿಡುಕು, ನಿದ್ರಾಹೀನತೆ, ಅಗ್ನಿಮಾಂದ್ಯ ತಲೆದೋರುತ್ತವೆ. ಮೊದಲ ವಾರದಲ್ಲಿ ಇವು ಅತ್ಯಧಿಕ. ಮನೆಯವರು ಇದನ್ನು ಉದ್ಧಟತನವೆಂದು ಭಾವಿಸಿ ಗದರಿಸುವುದೂ, ಹುಡುಗನು ಮರಳಿ ಅದಕ್ಕೇ ಶರಣಾಗುವುದೂ ಉಂಟು.

ಇದಕ್ಕೆ ಔಷಧ ಹುಡುಕುವ ಯತ್ನಗಳಲ್ಲಿ ಅಮೆರಿಕದ ಸೌತ್ ಕೆರೊಲಿನಾದ ವೈದ್ಯಕೀಯ ವಿಶ್ವವಿದ್ಯಾಲಯದ್ದು ಗಮನಾರ್ಹ. ಅಲ್ಲಿ ಡಾ. ಕೆವಿನ್ ಗ್ರೇ ಮತ್ತು ಸಹೋದ್ಯೋಗಿಗಳು ಆರಿಸಿಕೊಂಡದ್ದು ಎನ್-ಅಸಿಟೈಲ್ ಸಿಸ್ಟೀನ್ ಎಂಬ ಹಳೆಯ ಔಷಧವನ್ನು. ಕಫ ಕರಗಿಸಲು, ಪ್ಯಾರಾಸಿಟಮಾಲ್ ವಿಷವೇರಿದಾಗ ಜೀವ ಉಳಿಸಲು ನಮ್ಮ ವೈದ್ಯರೂ ಬಳಸುವಂಥದೇ ಅದು. ವ್ಯಸನದಿಂದ ಮೆದುಳಿನಲ್ಲಿ ಏರುಪೇರಾಗುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಅದು ಹದಕ್ಕೆ ತಂದೀತೆಂಬುದು ನಿರೀಕ್ಷೆ. 15ರಿಂದ 21 ವಯಸ್ಸಿನ 116 ಮಂದಿಯಲ್ಲಿ ಕೆಲವರಿಗೆ ಇದನ್ನೂ ಉಳಿದವರಿಗೆ ಔಷಧಗುಣವಿಲ್ಲದ ಹುಸಿಮಾತ್ರೆಯನ್ನೂ ಎಂಟು ವಾರ ಕೊಡಲಾಯಿತು. ಎಲ್ಲರಿಗೂ ವಾರವಾರ ವೈದ್ಯರ ಸಲಹೆ. ಮೂತ್ರಪರೀಕ್ಷೆಯಲ್ಲಿ ಗಾಂಜಾ ಕಾಣದಿದ್ದರೆ ಬಹುಮಾನ. 2012ರಲ್ಲಿ ಹೊರಬಂದ ಫಲಿತಾಂಶ ಆಶಾದಾಯಕವಾಗಿತ್ತು: ಔಷಧ ಪಡೆದವರ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 41 ಗಾಂಜಾಮುಕ್ತ, ಇತರರಲ್ಲಿ 27.

ಆದರೆ 302 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಅಂತರ ಕಾಣಲಿಲ್ಲ. ಬಹುಮಾನವನ್ನು ಕೈಬಿಟ್ಟು ಯುವಜನರಲ್ಲೇ ಮತ್ತೆ ಪರೀಕ್ಷಿಸಿದಾಗಲೂ ಔಷಧವು ಹುಸಿಮಾತ್ರೆಯನ್ನು ಮೀರಲಿಲ್ಲ. ಹೀಗೆ ಮೊದಲ ಗೆಲುವನ್ನೇ ಮರುಪರೀಕ್ಷೆಗೆ ಒಡ್ಡುವುದರಲ್ಲಿ ವಿಜ್ಞಾನದ ಪ್ರಾಮಾಣಿಕತೆಯಿದೆ. ಔಷಧದಂಗಡಿಯ ಜಾಹೀರಾತಿನಲ್ಲಿ ಅದು ದೊರೆಯದು. ಗಾಂಜಾ ವ್ಯಸನಕ್ಕೆಂದೇ ಮನ್ನಣೆ ಪಡೆದ ಮಾತ್ರೆ ಇಂದಿಗೂ ಇಲ್ಲ. ಕಫದ ಮಾತ್ರೆಯನ್ನು ತಾವೇ ಕೊಂಡು ಮಗನಿಗೆ ನುಂಗಿಸುವುದು ವ್ಯರ್ಥ.

ಸದ್ಯ ಆಧಾರವಾಗಿರುವುದು ನುರಿತವರೊಡನೆ ವಾರಗಟ್ಟಲೆ ನಡೆಯುವ ಆಪ್ತಸಮಾಲೋಚನೆ ಮತ್ತು ಮನೆಯವರ ಸಹಕಾರ. ನಿದ್ರೆಗೋ ಖಿನ್ನತೆಗೋ ಔಷಧ ಬೇಕಾದರೆ ವೈದ್ಯರೇ ಕೊಡುವರು. ಹೈದರಾಬಾದಿನ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಚಿಕಿತ್ಸಾಲಯವಿದೆ. ಅಲ್ಲಿಗೆ ಹೋದರೆ ಪೊಲೀಸರಿಗೆ ಸುದ್ದಿ ಹೋದೀತೆಂದು ಅಂಜುವವರು ಬಹಳ. 1985ರ ಮಾದಕವಸ್ತು ಕಾಯಿದೆಯ 64ಎ ಕಲಮಿನಂತೆ, ಸ್ವಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯೂ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಒಳಪಟ್ಟರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು, ಅಷ್ಟೆ. ತೆಲುಗು, ಉರ್ದುವಿನಲ್ಲಿ ಮನದಳಲು ಹೇಳಿಕೊಳ್ಳಲಾರದ ತಾಯಂದಿರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಗೆ, ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.